ಮಟ್ಟದ ಪೈಪು

ಕಟ್ಟಡ ಕೆಲಸದವರೆಲ್ಲ ಅವಳನ್ನು ಮಟ್ಟದಕ್ಕ ಎಂದು ಕರೆಯುತ್ತಿದ್ದರು. ಗಂಡ ಗಾರೆ ಮೇಸ್ತ್ರಿ. ಇಪ್ಪತ್ತೊಂಬತ್ತು ವರ್ಷದಿಂದ ಅವನ ಮಟ್ಟದ ಪೈಪಿನ ಇನ್ನೊಂದು ತುದಿ ಹಿಡಿದವಳು ಇವಳು. ಸಿಮೆಂಟು ಕಲಸಲು, ಇಟ್ಟಿಗೆ ಹೊರಲು ಯಾರು ಬೇಕಾದರೂ ಆದೀತು, ಪೈಪು ಹಿಡಿಯಲು ಮಾತ್ರ ಇವಳೇ ಆಗಬೇಕು ಎಂದು ಮೇಸ್ತ್ರಿಯ ಹಟ. ಅದೇನು ಪ್ರೀತಿಗಲ್ಲ ಬಿಡಿ, ಎನ್ನುತ್ತಿದ್ದಳು ಅವಳು. ಬೇರೆಯವರನ್ನು ಬೈದರೆ ಮಾರನೆಯ ದಿನ ಕೆಲಸಕ್ಕೆ ಬರುವುದಿಲ್ಲ, ಹೆಂಡತಿ ಎಲ್ಲಿಗೆ ಹೋದಾಳು, ಅದಕ್ಕೆ.

ಮಟ್ಟದ ಪೈಪು ನೋಡದವರಿಗೆ ಒಂದು ಮಾತು ಹೇಳಬೇಕು. ಬೆರಳು ದಪ್ಪದ, ಒಳಗಿರುವುದು ಹೊರಗೆ ಕಾಣುವ ಉದ್ದನೆಯ ಪೈಪು ಅದು, ತುಂಬ ನೀರು. ಒಂದು ತುದಿ ಈ ಗೋಡೆಯ ಹತ್ತಿರ, ಇನ್ನೊಂದು ಆ ಗೋಡೆಯ ಹತ್ತಿರ. ನಡುವೆ ಕಂಬ ಬರಲಿ, ಮೂಲೆ ಬರಲಿ, ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ನಿಂತಲ್ಲಿ ಗುರುತು ಹಾಕಿಕೊಂಡರೆ ನೆಲ, ಕಿಟಕಿ, ಬಾಗಿಲು ಎಲ್ಲಕ್ಕೂ ಅದೇ ಆಧಾರ. ಪೈಪು ಹೊತ್ತು ನಡೆಯುವಾಗ ನೀರು ಚೆಲ್ಲಬಾರದೆಂದು ತುದಿಗೆ ಹೆಬ್ಬೆರಳು ಒತ್ತಿ ಹಿಡಿಯುತ್ತಾರೆ. ನೋಡುವ ಹೊತ್ತಿಗೆ ಬೆರಳು ತೆಗೆಯಬೇಕು. ಮರೆತರೆ ನೀರು ಇದ್ದಲ್ಲೇ ಇರುತ್ತದೆ. ನೋಡುವವನಿಗೆ ಎಲ್ಲ ಸರಿಯಾಗಿದೆ ಎಂದೇ ಕಾಣುತ್ತದೆ, ಗೋಡೆ ಮಾತ್ರ ಸೊಟ್ಟಗೆ ಏಳುತ್ತದೆ. ಈ ತಪ್ಪನ್ನು ಮಟ್ಟದಕ್ಕ ಹದಿನೆಂಟನೆಯ ವಯಸ್ಸಿನಲ್ಲಿ ಒಮ್ಮೆ ಮಾಡಿದ್ದಳು. ಆಮೇಲೆ ಮಾಡಲಿಲ್ಲ.

ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ಎರಡನೆಯ ಮಹಡಿಯಲ್ಲಿ ಮೇಸ್ತ್ರಿಯ ಬಲಗೈಯಿಂದ ಗಾರೆ ಬಳಿಯುವ ಕರಣೆ ಜಾರಿ ಬಿತ್ತು. ಅವನು ಬಗ್ಗಿ ಎತ್ತಿಕೊಳ್ಳಲು ಹೋದ, ಕೈ ಮಾತು ಕೇಳಲಿಲ್ಲ. "ಏನೋ ಜೋಮು," ಎಂದ. ಆ ಎರಡು ಮಾತೇ ತೊದಲಿ ಬಂದವು. ಬಾಯಿ ಒಂದು ಕಡೆಗೆ ಎಳೆದಿತ್ತು. ಕೂತಲ್ಲೇ ವಾಂತಿ ಮಾಡಿಕೊಂಡು ಗೋಡೆಗೆ ಒರಗಿದ. ಸುತ್ತ ಸೇರಿದವರಿಗೆ ಸಲಹೆ ಕೊಡಲು ಬೇರೆ ಹೇಳಬೇಕೇ? ನೆರಳಿಗೆ ಮಲಗಿಸಿ ಎಂದರು, ಕೈ ಉಜ್ಜಿ ಎಂದರು, ಪಿತ್ತ ಇರಬೇಕು, ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆ ಎಂದರು.

"ಉಜ್ಜೋದೂ ಬೇಡ, ಬಿಡೋದೂ ಬೇಡ. ಗಾಡಿ ತನ್ನಿ!" ಎಂದು ಅವಳು ಕಿರುಚಿದಳು. ಸಿಮೆಂಟು ತಂದಿದ್ದ ಟೆಂಪೊ ಕೆಳಗಿತ್ತು. ಖಾಲಿ ಚೀಲಗಳ ಮೇಲೆ ಗಂಡನನ್ನು ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಡ್ರೈವರನನ್ನು ಬೈಯುತ್ತ ಆಸ್ಪತ್ರೆ ತಲುಪಿದಳು.

ಸ್ಕ್ಯಾನ್ ಆಯಿತು. ತಲೆ ಡಾಕ್ಟರು ಅವಳನ್ನು ಒಳಗೆ ಕರೆದರು. ಕನ್ನಡಕವನ್ನು ಹಣೆಗೆ ಏರಿಸಿಕೊಂಡ, ಇನ್ನೂ ನಲವತ್ತು ದಾಟದ ಮನುಷ್ಯ.

"ಬಿಪಿ ಮಾತ್ರೆ ತಗೋತಿದ್ರಾ ಇವರು?"

"ತಗೋತಿದ್ರು. ಮೈ ಹಗುರಾಗಿದೆ, ಇನ್ಯಾಕೆ ಅಂತ ಎರಡು ತಿಂಗಳಿಂದ ಬಿಟ್ಟಿದ್ರು."

ಡಾಕ್ಟರು ಬೈಯಲಿಲ್ಲ. ಬೈದಿದ್ದರೇ ಅವಳಿಗೆ ಸಮಾಧಾನವಾಗುತ್ತಿತ್ತು. "ಮೆದುಳಿನ ಒಳಗೆ ರಕ್ತನಾಳ ಒಡೆದಿದೆ ಅಮ್ಮ. ಮೆದುಳಿನ ಮಧ್ಯೆ ನೀರು ತುಂಬಿರೋ ಜಾಗ ಇರುತ್ತೆ, ಅಲ್ಲಿಗೆ ರಕ್ತ ನುಗ್ಗಿದೆ. ನೀರು ಹರಿದು ಹೋಗೋ ದಾರಿ ಕಟ್ಟಿಕೊಂಡಿದೆ. ಒಳಗೆ ಒತ್ತಡ ಏರ್ತಾ ಇದೆ. ತಲೇಲಿ ಚಿಕ್ಕ ತೂತು ಮಾಡಿ ಪೈಪು ಇಟ್ಟು, ಹೆಚ್ಚಾದ ನೀರನ್ನ ಹೊರಗೆ ಬಿಡ್ಬೇಕು. ಈಗಲೇ ಮಾಡ್ಬೇಕು."

"ಬದುಕ್ತಾರಾ?"

"ಪೈಪು ಸರಿಯಾಗಿ ಕೆಲಸ ಮಾಡಿದ್ರೆ ಬದುಕೋ ಅವಕಾಶ ಇದೆ."

ಕಟ್ಟಿಕೊಂಡ ಪೈಪು ಎಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿ ಹೊರಗೆ ಬಂದು ಕೂತಳು. ಅಲ್ಲಿನ ಕಬ್ಬಿಣದ ಕುರ್ಚಿಗಳನ್ನು ಮಾಡಿದವನು ಒಮ್ಮೆಯೂ ಅವುಗಳ ಮೇಲೆ ಕೂತಿರಲಿಕ್ಕಿಲ್ಲ. ಶಾಲೆಯಲ್ಲಿ ಪಾಠ ಮಾಡುವ ಮಗಳು ಓಡಿಬಂದು ಅಮ್ಮನ ಪಕ್ಕ ಕೂತಳು.

ತೀವ್ರ ನಿಗಾ ಘಟಕದಲ್ಲಿ ನೋಡಲು ಬಿಡುವುದು ಸಂಜೆ ನಾಲ್ಕರಿಂದ ನಾಲ್ಕೂಕಾಲರವರೆಗೆ, ಅದೂ ಒಬ್ಬರನ್ನೇ. ಎರಡನೆಯ ದಿನ ಮಟ್ಟದಕ್ಕ ಒಳಗೆ ಹೋದಳು. ಎಂಟು ಮಂಚ, ಎಂಟು ಪರದೆ, ಎಲ್ಲ ಕಡೆಯಿಂದ ಕುಂಯ್ ಕುಂಯ್ ಶಬ್ದ. ಮೇಸ್ತ್ರಿಯ ತಲೆ ಬೋಳಿಸಿ ಪಟ್ಟಿ ಸುತ್ತಿದ್ದರು. ಬಲಗೈ ಯಾರದ್ದೋ ವಸ್ತುವನ್ನು ತಂದಿಟ್ಟ ಹಾಗೆ ಪಕ್ಕದಲ್ಲಿ ಬಿದ್ದಿತ್ತು. ರಕ್ತದ ಒತ್ತಡ ಏರದಂತೆ ಒಂದು ಪುಟ್ಟ ಯಂತ್ರ ತೊಟ್ಟು ತೊಟ್ಟಾಗಿ ಔಷಧಿ ತಳ್ಳುತ್ತಿತ್ತು. ಅವಳ ಕಣ್ಣು ಇದೆಲ್ಲವನ್ನೂ ದಾಟಿ ಹೋಗಿ ನಿಂತದ್ದು ತಲೆಯಿಂದ ಹೊರಟ ಪೈಪಿನ ಮೇಲೆ. ಒಳಗಿನದು ಕಾಣುವ ಸಣ್ಣ ಪೈಪು. ಅದು ಸ್ಟ್ಯಾಂಡಿಗೆ ಕಟ್ಟಿದ್ದ, ಅಳತೆಯ ಗೆರೆಗಳಿದ್ದ ಒಂದು ಡಬ್ಬಿಗೆ ಸೇರಿತ್ತು. ಪೈಪಿನಲ್ಲಿ ನಸುಗೆಂಪು ನೀರು, ಅವನು ಉಸಿರಾಡಿದ ಹಾಗೆಲ್ಲ ಒಂಚೂರು ಮೇಲೆ, ಒಂಚೂರು ಕೆಳಗೆ. ನೋಡಿ ಅವಳ ಜೀವಕ್ಕೆ ತಂಪಾಯಿತು. ಈ ಕೋಣೆಯಲ್ಲಿ ಅವಳಿಗೆ ಗೊತ್ತಿದ್ದ ವಸ್ತು ಅದೊಂದೇ.

ಆ ಮಂಚ ನೋಡಿಕೊಳ್ಳುತ್ತಿದ್ದ ನರ್ಸಿಗೆ ಎಲ್ಲರೂ ಟಾರ್ಚ್ ಸಿಸ್ಟರ್ ಎನ್ನುತ್ತಿದ್ದರು. ಐವತ್ತರ ಹೆಂಗಸು, ಗಂಟು ಮುಖ, ಜೇಬಿನಲ್ಲಿ ಪೆನ್ನಿನಷ್ಟು ಟಾರ್ಚು. ಗಂಟೆಗೊಮ್ಮೆ ಬಂದು ಮೇಸ್ತ್ರಿಯ ಕಣ್ಣಿಗೆ ಬೆಳಕು ಬಿಟ್ಟು ಪಾಪೆ ಕುಗ್ಗುತ್ತದೆಯೇ ನೋಡುತ್ತಿದ್ದಳು.

"ಮೇಸ್ತ್ರಿಗಳೇ, ಕಣ್ಣು ಬಿಡಿ! ನನ್ನ ಬೆರಳು ಹಿಡ್ಕೊಳ್ಳಿ. ಹಾಂ, ಗಟ್ಟಿಯಾಗಿ. ಈಗ ಬಿಡಿ."

ಮೇಸ್ತ್ರಿ ಎಡಗೈಯಲ್ಲಿ ಹಿಡಿದ, ಬಿಟ್ಟ. "ಹಿಡಿಯೋದು ದೊಡ್ಡ ವಿಷಯ ಅಲ್ಲ. ಬಿಡಿ ಅಂದಾಗ ಬಿಟ್ರೆ, ಹೇಳಿದ್ದು ತಲೆಗೆ ಹೋಗ್ತಿದೆ ಅಂತ ಅರ್ಥ," ಎಂದು ಹೇಳಿ ಸಿಸ್ಟರ್ ಪಕ್ಕದ ಮಂಚಕ್ಕೆ ಹೋದಳು.

ಮಟ್ಟದಕ್ಕ ಮತ್ತೆ ಪೈಪು ನೋಡಿದಳು. ಗಂಡನ ಕಿವಿಯ ಹತ್ತಿರ ಪೆನ್ನಿನಿಂದ ಒಂದು ಗುರುತು ಹಾಕಿದ್ದರು. ಸರಿ, ಗುರುತು ಎಂದರೆ ಮಟ್ಟದ ಗುರುತೇ. ಆದರೆ ಡಬ್ಬಿ ಆ ಗುರುತಿಗೆ ಸರಿಯಾಗಿ ಇರಲಿಲ್ಲ, ಅರ್ಧ ಗೇಣು ಮೇಲಿತ್ತು! ಅಯ್ಯೋ, ಇವರಿಗೆ ಮಟ್ಟ ಹಿಡಿಯಲೂ ಬರುವುದಿಲ್ಲವೇ? ಅವಳ ಜಾಗದಲ್ಲಿ ಯಾವ ಮೇಸ್ತ್ರಿ ನಿಂತಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದ. ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಸ್ಟ್ಯಾಂಡಿನ ತಿರುಪು ಸಡಿಲಿಸಿ, ಡಬ್ಬಿಯನ್ನು ಕೆಳಗಿಳಿಸಿ, ಒಂದು ಕಣ್ಣು ಮುಚ್ಚಿ ಗುರುತಿಗೆ ಸರಿಹೊಂದಿಸಿ, ತಿರುಪು ಬಿಗಿದಳು. ಹತ್ತು ಸೆಕೆಂಡಿನ ಕೆಲಸ. ಸರಿಯಾಯಿತು ಎಂದು ಒಳಗೊಳಗೇ ಬೀಗಿದಳು ಕೂಡ.

ಡಬ್ಬಿಗೆ ನೀರು ತಟತಟನೆ ಬೀಳತೊಡಗಿತು. ಮೇಸ್ತ್ರಿ ಹುಬ್ಬು ಗಂಟಿಕ್ಕಿ ನರಳಿದ. ಎಡಗೈ ತಲೆಯ ಕಡೆಗೆ ಏಳಲು ನೋಡಿತು. ಪಕ್ಕದ ಮಂಚದಿಂದ ತಿರುಗಿದ ಟಾರ್ಚ್ ಸಿಸ್ಟರ್ ಎರಡೇ ಹೆಜ್ಜೆಗೆ ಬಂದು ಪೈಪಿನ ಕ್ಲಿಪ್ಪು ಅದುಮಿ ನೀರು ನಿಲ್ಲಿಸಿದಳು.

"ಯಾರು ಇಳಿಸಿದ್ದು ಇದನ್ನ? ನೀವಾ? ಏನಮ್ಮಾ, ಬುದ್ಧಿ ಇದೆಯಾ ನಿಮಗೆ?"

"ಮಟ್ಟ ತಪ್ಪಿತ್ತು..."

"ಮಟ್ಟ! ಸಾಯಿಸಿಬಿಡ್ತಿದ್ರಲ್ರೀ!"

ಡಾಕ್ಟರು ಬಂದರು. ಟಾರ್ಚು, ಬೆರಳು, ಎಲ್ಲ ಇನ್ನೊಮ್ಮೆ ಆಯಿತು. ಆಮೇಲೆ ಅವಳನ್ನು ಹೊರಗೆ ಕರೆದು, ಹಲ್ಲು ಕಚ್ಚಿಕೊಂಡೇ ಆದರೂ, ಬಿಡಿಸಿ ಹೇಳಿದರು. "ಗುರುತಿನಿಂದ ಅರ್ಧ ಗೇಣು ಮೇಲೆ ಇಡಿ ಅಂತ ಹೇಳಿದ್ದೇ ನಾನು. ಒತ್ತಡ ಹೆಚ್ಚಾದಾಗ ಮಾತ್ರ ನೀರು ಅಷ್ಟು ಎತ್ತರ ಹತ್ತಿ ಆಚೆ ಬೀಳ್ಬೇಕು. ಕೆಳಗೆ ಇಳಿಸಿದ್ರೆ ಬೇಕಾದ ನೀರೂ ಹೋಗುತ್ತೆ, ಮೆದುಳು ಕುಸಿಯುತ್ತೆ, ಮತ್ತೆ ರಕ್ತನಾಳ ಒಡೀಬಹುದು."

ಟ್ಯಾಂಕಿನ ಓವರ್‌ಫ್ಲೋ ಪೈಪು! ಅವಳೇ ಎಷ್ಟು ಮನೆಗಳಲ್ಲಿ ಅದಕ್ಕೆ ತೂತು ಬಿಡಿಸಿದ್ದಾಳೆ. ಈಗ ಅರ್ಥವಾಯಿತು. ಗೋಡೆ ಹಿಡಿದು ಕೆಳಗೆ ಕೂತಳು.

ಮರುದಿನದಿಂದ ಅವಳಿಗೆ ಒಳಗೆ ಪ್ರವೇಶವಿಲ್ಲ. ಬಾಗಿಲ ಕಾವಲುಗಾರನಿಗೂ ಹೇಳಿಯಾಗಿತ್ತು. ಮೂರನೆಯ ದಿನ, ನಾಲ್ಕನೆಯ ದಿನ ಮಗಳೇ ಹೋಗಿ ಬಂದಳು.

"ಅಪ್ಪ ಕಣ್ಣು ಬಿಟ್ರು. ಏನೋ ಅಂದ್ರು, ಗೊತ್ತಾಗ್ಲಿಲ್ಲ. ಬೆರಳು ಹಿಡಿದು ಬಿಟ್ರು."

"ಪೈಪಲ್ಲಿ ನೀರು ಅಲ್ಲಾಡ್ತಿತ್ತಾ?"

"ಯಾವ ನೀರಮ್ಮ? ನಾನು ಅಪ್ಪನ್ನ ನೋಡಕ್ಕೆ ಹೋಗಿದ್ದು. ಇಲ್ಲಿಗೆ ಬಂದ್ರೂ ನಿನ್ನ ಮೇಸ್ತ್ರಿಕೆ ಬಿಡಲ್ವಲ್ಲ ನೀನು!"

ಮಗಳು ಹಾಗೆ ಅಂದದ್ದು ಚುಚ್ಚಿತು, ಆದರೆ ಎದುರಾಡುವ ಮುಖ ಅವಳಿಗಿರಲಿಲ್ಲ. ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ನೀರು ತಟತಟ ಬೀಳುವ ಸದ್ದು. ಇಪ್ಪತ್ತೊಂಬತ್ತು ವರ್ಷ ಪಕ್ಕದಲ್ಲಿ ದುಡಿದ ಗಂಡನನ್ನು ತನ್ನ ಕೈಯಾರೆ ಕೊಲ್ಲಲು ಹೊರಟಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಅವನು ಹೋಗಿಬಿಟ್ಟರೆ ಅದು ತನ್ನಿಂದಲೇ. ಈ ಮಾತನ್ನು ಮಗಳ ಹತ್ತಿರವೂ ಹೇಳಲಾರದೆ ನುಂಗಿಕೊಂಡಳು.

ಐದನೆಯ ದಿನ ಶಾಲೆಯಲ್ಲಿ ಪರೀಕ್ಷೆ, ಮಗಳು ಐದು ಗಂಟೆಗೆ ಮೊದಲು ಬರುವ ಹಾಗಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಬರುತ್ತಿದ್ದ ಟಾರ್ಚ್ ಸಿಸ್ಟರನ್ನು ಮಟ್ಟದಕ್ಕ ಮೆಟ್ಟಿಲ ಹತ್ತಿರ ಅಡ್ಡಗಟ್ಟಿದಳು.

"ಒಂದೇ ಒಂದ್ಸಲ ತಾಯಿ. ದೂರದಿಂದ ನೋಡಿ ಬರ್ತೀನಿ."

ಸಿಸ್ಟರ್ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಕೈ ಹಿಂದೆ ಕಟ್ಟಿಕೊಂಡು ನಿಲ್ತೀರಾ?"

"ನಿಲ್ತೀನಿ."

"ಏನನ್ನೂ ಮುಟ್ಟಲ್ಲ?"

"ಮುಟ್ಟಲ್ಲ."

ನಾಲ್ಕು ಗಂಟೆಗೆ ಒಳಗೆ ಬಿಟ್ಟರು. ಅವಳು ಮಂಚದ ಕಾಲಬದಿಯಲ್ಲಿ ಕೈಕಟ್ಟಿ ನಿಂತಳು. ಮೇಸ್ತ್ರಿ ಗೊರಕೆ ಹೊಡೆಯುತ್ತಿದ್ದ. ಅವನ ಗೊರಕೆ ಅವಳಿಗೆ ಹೊಸದೇ? ಗೋಡೆ ಸೀಳುವಂಥ ಗೊರಕೆಯ ಪಕ್ಕದಲ್ಲಿ ಮಲಗಿ ಜೀವ ತೇದವಳು. ಆದರೆ ಇದು ಆ ಗೊರಕೆಯಲ್ಲ. ಆಳದಿಂದ ಎಳೆದು, ನಿಂತು, ಮತ್ತೆ ಎಳೆಯುತ್ತಿದ್ದ.

"ರೀ," ಎಂದು ಕರೆದಳು. "ರೀ, ನಾನು." ರೆಪ್ಪೆ ಅಲುಗಲಿಲ್ಲ.

"ಮೂರು ಗಂಟೆಗೆ ಸ್ಕ್ಯಾನ್‌ಗೆ ಕರ್ಕೊಂಡು ಹೋಗಿದ್ವಿ," ಎಂದಳು ಸಿಸ್ಟರ್ ಆಚೆ ಮಂಚದಿಂದಲೇ. ಅಲ್ಲಿ ಯಾರಿಗೋ ಉಸಿರಿನ ತೊಂದರೆ, ಮೂವರು ಮುತ್ತಿಕೊಂಡಿದ್ದರು. "ಅಲ್ಲಿ ಅಲ್ಲಾಡಬಾರ್ದು ಅಂತ ನಿದ್ದೆ ಇಂಜೆಕ್ಷನ್ ಕೊಟ್ಟಿದಾರೆ. ಮಲಗಲಿ ಬಿಡಿ."

ಸರಿ, ನಿದ್ದೆ. ಮಟ್ಟದಕ್ಕ ಪೈಪು ನೋಡಿದಳು. ನೋಡಬಾರದು ಎಂದುಕೊಂಡೇ ಬಂದಿದ್ದಳು, ಆದರೂ ನೋಡಿದಳು. ಡಬ್ಬಿ ಗುರುತಿನಿಂದ ಅರ್ಧ ಗೇಣು ಮೇಲೆ ಇತ್ತು, ಡಾಕ್ಟರು ಹೇಳಿದ ಹಾಗೇ. ಪೈಪಿನಲ್ಲಿ ನೀರೂ ಇತ್ತು. ಆದರೆ ನೀರು ಅಲ್ಲಾಡುತ್ತಿರಲಿಲ್ಲ.

ಇರಲಿ, ಇನ್ನೊಮ್ಮೆ ನೋಡೋಣ. ಅವನ ಉಸಿರು ಎಣಿಸಿದಳು. ಒಂದು. ನೀರು ನಿಂತೇ ಇತ್ತು. ಎರಡು. ಮೂರು. ಎದೆ ಏರಿ ಇಳಿಯುತ್ತಿದೆ, ನೀರಿಗೆ ಅದರ ಗೊಡವೆಯೇ ಇಲ್ಲ. ಏಳರವರೆಗೆ ಎಣಿಸಿದಳು. ಮೊನ್ನೆ ಉಸಿರು ಉಸಿರಿಗೂ ಕುಣಿದಿದ್ದ ನೀರು ಗಾಜಿನಲ್ಲಿ ಎರಕ ಹೊಯ್ದ ಹಾಗೆ ನಿಂತಿತ್ತು. ಇದನ್ನು ಅವಳು ನೋಡಿ ಬಲ್ಲಳು. ಎಲ್ಲೋ ಯಾರೋ ಹೆಬ್ಬೆರಳು ಇಟ್ಟಿದ್ದಾರೆ.

ಆದರೆ ಮೊನ್ನೆಯೂ ಹೀಗೇ ಅನ್ನಿಸಿರಲಿಲ್ಲವೇ? ಮಟ್ಟ ತಪ್ಪಿದೆ ಎಂದು ಎಷ್ಟು ಗಟ್ಟಿಯಾಗಿ ಅನ್ನಿಸಿತ್ತು! ಓದಿದ ಡಾಕ್ಟರು ಇದ್ದಾರೆ, ಇಷ್ಟು ಯಂತ್ರಗಳಿವೆ, ಗಾರೆ ಕೆಲಸದ ಹೆಂಗಸು ಇಲ್ಲಿ ಮೂಗು ತೂರಿಸುವುದೇನು? ಬಾಯಿ ತೆರೆದರೆ ಮತ್ತೆ ಹೊರಗೆ ಹಾಕುತ್ತಾರೆ. ಬಾಯಿ ಮುಚ್ಚಿಕೊಂಡರೆ? ಹಿಂದೆ ಕಟ್ಟಿದ ಕೈಗಳು ಒಂದನ್ನೊಂದು ಹಿಂಡುತ್ತಿದ್ದವು.

"ಸಿಸ್ಟರ್. ನೀರು ನಿಂತಿದೆ."

"ಏನು?"

"ಪೈಪಲ್ಲಿ ನೀರು ಅಲ್ಲಾಡ್ತಿಲ್ಲ."

"ಅಮ್ಮಾ, ಮತ್ತೆ ಶುರು ಮಾಡ್ಬೇಡಿ ನಿಮ್ದು. ಇಲ್ಲಿ ಒಬ್ಬರ ಜೀವ ಹೋಗ್ತಿದೆ."

"ಇಲ್ಲೂ ಹೋಗ್ತಿದೆ."

ಸಿಸ್ಟರ್ ಕೇಳಿಸಿಕೊಂಡಳೋ ಇಲ್ಲವೋ. ನಾಲ್ಕೂಕಾಲಾಯಿತು. ಕಾವಲುಗಾರ ಬಾಗಿಲಲ್ಲಿ ನಿಂತು, "ಟೈಮಾಯ್ತು, ಎಲ್ಲ ಹೊರಗೆ ಬನ್ನಿ," ಎಂದು ಕೂಗಿದ. ಬೇರೆ ಮಂಚಗಳವರು ಒಬ್ಬೊಬ್ಬರಾಗಿ ಹೊರಟರು. ಅವಳು ಕದಲಲಿಲ್ಲ. ಯಂತ್ರದ ಮೇಲಿನ ಅಂಕಿ ಅವಳಿಗೆ ಓದಲು ಬರುತ್ತಿತ್ತು. ಮೊನ್ನೆ ನೂರಾ ಮೂವತ್ತೆಂಟು ಇದ್ದ ರಕ್ತದ ಒತ್ತಡ ಈಗ ನೂರಾ ಎಪ್ಪತ್ತೊಂಬತ್ತು. ಅದರ ಕೆಳಗಿನ, ಎದೆಬಡಿತದ ಅಂಕಿ ಎಂಬತ್ತರಿಂದ ಐವತ್ತೆರಡಕ್ಕೆ ಇಳಿದಿತ್ತು. ಒಂದು ಏರಿ ಇನ್ನೊಂದು ಇಳಿದರೆ ಏನರ್ಥವೋ ತಿಳಿಯದು, ಒಳ್ಳೆಯದಲ್ಲ ಎನ್ನುವುದಷ್ಟೇ ತಿಳಿಯಿತು.

ಕಾವಲುಗಾರ ಹತ್ತಿರ ಬಂದ. "ಅಮ್ಮ, ಬನ್ನಿ."

"ಬರಲ್ಲ."

"ಬರಲ್ಲ ಅಂದ್ರೆ?"

"ಬರಲ್ಲ ಅಂದ್ರೆ ಬರಲ್ಲ!" ಧ್ವನಿ ಎಂಟೂ ಮಂಚಕ್ಕೆ ಕೇಳಿಸಿತು. ಮೂರು ಮಹಡಿ ಕೆಳಗಿರುವವರಿಗೆ ಕೇಳುವಂತೆ ಕೂಗಿ ಪಳಗಿದ ಗಂಟಲು ಅದು. "ಸಿಸ್ಟರ್, ನಾನು ಮುಟ್ಟಲ್ಲ. ಒಂದ್ಸಲ ಮುಟ್ಟಿ ಅನುಭವಿಸಿದ್ದು ಸಾಕು. ನೀವೇ ಬಂದು ಮುಟ್ಟಿ ನೋಡಿ. ಇದರ ಬಾಯಿ ಯಾರೋ ಮುಚ್ಚಿದಾರೆ. ನೋಡಿದ ಮೇಲೆ ನನ್ನ ಕತ್ತು ಹಿಡಿದು ಆಚೆ ತಳ್ಳಿ, ಜನ್ಮದಲ್ಲಿ ಈ ಕಡೆ ತಲೆ ಹಾಕಲ್ಲ. ನಿಮ್ಮ ಕಾಲು ಹಿಡೀತೀನಿ, ನೋಡಿ!"

ಟಾರ್ಚ್ ಸಿಸ್ಟರ್ ಕೆಂಡವಾಗಿ ಬಂದಳು. ಬೈಯಲೆಂದೇ ಬಂದದ್ದು. ಬೈಯುವ ಮೊದಲು, ಇಪ್ಪತ್ತೈದು ವರ್ಷದ ಅಭ್ಯಾಸಕ್ಕೆ, ಅವಳ ಕಣ್ಣು ಯಂತ್ರದ ಅಂಕಿಯ ಮೇಲೆ ಹೋಯಿತು. ಬೈಗುಳ ಅಲ್ಲೇ ನಿಂತಿತು. ತಲೆಯ ಪಟ್ಟಿಯಿಂದ ಪೈಪು ಹಿಡಿದು ಬೆರಳಾಡಿಸುತ್ತ ಬಂದಳು. ದಿಂಬಿನ ಹಿಂದೆ, ಮಡಿಸಿದ ಹೊದಿಕೆಯ ಕೆಳಗೆ, ಕ್ಲಿಪ್ಪು ಮುಚ್ಚಿಕೊಂಡಿತ್ತು.

ಸ್ಕ್ಯಾನಿಗೆ ಒಯ್ಯುವಾಗ ಮಂಚ ಅಲುಗಾಡುತ್ತದೆ ಎಂದು ಅದನ್ನು ಮುಚ್ಚುವುದು ಕ್ರಮ. ತಂದು ಮಲಗಿಸಿ, ಮಟ್ಟ ನೋಡಿ, ತೆರೆಯುವುದೂ ಕ್ರಮವೇ. ತಂದು ಮಲಗಿಸಿದ ಆ ಗಳಿಗೆಯಲ್ಲೇ ಆಚೆ ಮಂಚದ ಯಂತ್ರ ಕಿರುಚಿಕೊಂಡಿತ್ತು. ಸಿಸ್ಟರ್ ಡಬ್ಬಿಯ ಮಟ್ಟ ಸರಿಮಾಡಿ ಅತ್ತ ಓಡಿದ್ದಳು.

ಅವಳು ಮೇಸ್ತ್ರಿಯ ಎಡ ರೆಪ್ಪೆ ಎತ್ತಿ ಟಾರ್ಚು ಬಿಟ್ಟಳು. ಪಾಪೆ ಅಗಲಕ್ಕೆ ತೆರೆದಿತ್ತು, ಬೆಳಕಿಗೆ ಕುಗ್ಗಲಿಲ್ಲ. ಇನ್ನೊಮ್ಮೆ ಬಿಟ್ಟಳು. ಆಗಲೂ ಇಲ್ಲ. ಡಬ್ಬಿಯ ಎತ್ತರ ಕಣ್ಣಳತೆಯಲ್ಲೇ ನೋಡಿ, ಕ್ಲಿಪ್ಪು ತೆರೆದಳು. ನೀರು ಒಮ್ಮೆಗೇ ಮೇಲೇರಿ ಡಬ್ಬಿಯೊಳಗೆ ಚಿಮ್ಮಿತು.

"ಡಾಕ್ಟರನ್ನ ಕರೀರಿ! ಈಗಲೇ! ಓಡಿ!"

ಆಮೇಲೆ ಮಟ್ಟದಕ್ಕನನ್ನು ಹೊರಗೆ ಕಳಿಸಿದ್ದು ಯಾರೋ, ಹೇಗೋ, ಅವಳಿಗೆ ತಿಳಿಯದು. ಮುಚ್ಚುವ ಬಾಗಿಲಿನ ಸಂದಿಯಲ್ಲಿ ಡಾಕ್ಟರು ಓಡಿಬಂದದ್ದು, ಒತ್ತಡ ಇಳಿಸುವ ಔಷಧಿಯ ಬಾಟಲಿ ತೂಗುಹಾಕಿದ್ದು ಕಂಡಿತು. ಸ್ವಲ್ಪ ಹೊತ್ತಿಗೆ ಮಂಚವೇ ಸ್ಕ್ಯಾನಿನ ಕಡೆಗೆ ಉರುಳಿಹೋಯಿತು. ಪಕ್ಕದಲ್ಲಿ ಸಿಸ್ಟರ್ ಪೈಪು ಹಿಡಿದು ಓಡುತ್ತಿದ್ದಳು. ಮಟ್ಟದಕ್ಕ ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. ದೇವರೇ, ಕೈ ಕಾಲು ಎರಡನ್ನೂ ತೆಗೆದುಕೋ, ಉಸಿರು ಬಿಡು ಎಂದು ಚೌಕಾಸಿ ಮಾಡಿದಳು. ಐದೂವರೆಗೆ ಮಗಳು ಬಂದಳು. ಅಮ್ಮ ಹೇಳಿದ್ದನ್ನು ಕೇಳಿ ಅವಳ ಮುಖ ಬಿಳಿಚಿಕೊಂಡಿತು.

ಏಳಕ್ಕೆ ಡಾಕ್ಟರು ಹೊರಗೆ ಬಂದರು. ಹಿಂದೆ ಟಾರ್ಚ್ ಸಿಸ್ಟರ್. ಡಾಕ್ಟರು ಬಾಯಿ ತೆರೆಯುವ ಮೊದಲೇ ಸಿಸ್ಟರ್ ಮಾತಾಡಿದಳು.

"ನಾನು ಮರೆತೆ. ಸ್ಕ್ಯಾನ್‌ಗೆ ಹೋಗೋವಾಗ ಮುಚ್ಚಿದ್ದು, ಬಂದ ಮೇಲೆ ತೆರೀಲಿಲ್ಲ. ಒಂದು ಗಂಟೆ ಮೇಲಾಯ್ತು. ಹಾಗೇ ಬರೆದು ಸಹಿ ಹಾಕಿದೀನಿ."

ಮಗಳು ಸಿಡಿದಳು. "ನಮ್ಮಮ್ಮನ್ನ ಕಳ್ಳೀನ ನೋಡೋ ಹಾಗೆ ಎರಡು ದಿನ ಹೊರಗೆ ಕೂರಿಸಿದ್ರಲ್ಲ! ನೀವೇನ್ ಮಾಡಿದ್ರಿ? ನಾನು ಸುಮ್ನೆ ಬಿಡಲ್ಲ, ದೂರು ಕೊಡ್ತೀನಿ."

"ಕೊಡಿ," ಎಂದಳು ಸಿಸ್ಟರ್. "ಕೊಡಬೇಕಾದ್ದೇ."

"ಮೊದಲು ಇದನ್ನ ಕೇಳಿ," ಎಂದರು ಡಾಕ್ಟರು. "ಕಣ್ಣಿನ ಪಾಪೆ ಮತ್ತೆ ಕುಗ್ತಿದೆ. ಹೊಸದಾಗಿ ರಕ್ತನಾಳ ಒಡೆದಿಲ್ಲ. ಆದ್ರೆ ನಾಳೆ ಎಚ್ಚರ ಆಗೋವರೆಗೂ ನಾನು ಏನೂ ಹೇಳಲಾರೆ. ಬಲಗಡೆ ಮೊದಲಿನ ಹಾಗೆ ಬರೋದು ಕಷ್ಟ."

ಮಟ್ಟದಕ್ಕ ಮಗಳ ಕೈ ಹಿಡಿದು ಸುಮ್ಮನಾಗಿಸಿದಳು. "ಡಾಕ್ಟ್ರೇ, ನನಗೆ ಎರಡು ಮಾತು ಗೊತ್ತಾಗ್ಬೇಕು. ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಬಲಗಡೆ ಹೋಗಿದ್ದು ನಾನು ಅವತ್ತು ಡಬ್ಬಿ ಇಳಿಸಿದ್ದಕ್ಕಾ?"

"ಅಲ್ಲ. ಅದು ಮೊದಲನೇ ದಿನದ ರಕ್ತದಿಂದ. ನೀವು ಇಳಿಸಿದ್ದು ಎರಡು ನಿಮಿಷ. ಆಮೇಲಿನ ಸ್ಕ್ಯಾನ್‌ನಲ್ಲಿ ಅದರಿಂದ ಏನೂ ಆಗಿಲ್ಲ."

ಮೂರು ದಿನದಿಂದ ಎದೆಯ ಮೇಲೆ ಹೊತ್ತಿದ್ದ ಕಲ್ಲು ಇಳಿಯಿತು. ಅವಳು ಒಂದು ಸಲ ದೀರ್ಘವಾಗಿ ಉಸಿರುಬಿಟ್ಟಳು. ಆಮೇಲೆ ಸಿಸ್ಟರಿನ ಕಡೆ ನೋಡದೆ ಕೇಳಿದಳು, "ಮತ್ತೆ ಇವತ್ತಿನ ಒಂದು ಗಂಟೆ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಅದನ್ನ ಹೇಳಕ್ಕಾಗಲ್ಲ. ಅದರಿಂದ ಒಂದಿಷ್ಟು ಹೋಗಿರಬಹುದು, ಏನೂ ಹೋಗದೆ ಇರಬಹುದು. ಇದು ನಿಜಸ್ಥಿತಿ, ಮುಚ್ಚಿಡ್ತಿಲ್ಲ. ಈ ಪೈಪು ಇನ್ನೂ ನಾಲ್ಕೈದು ದಿನ ಇರಬೇಕು. ನಿಮ್ಮ ಮಂಚಕ್ಕೆ ನಾಳೆಯಿಂದ ಬೇರೆ ಸಿಸ್ಟರನ್ನ ಹಾಕ್ತೀನಿ."

"ಹಾಕಿ," ಎಂದಳು ಮಗಳು.

"ಬೇಡ," ಎಂದಳು ಮಟ್ಟದಕ್ಕ.

ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು. "ಅಮ್ಮ, ತಲೆ ಕೆಟ್ಟಿದೆಯಾ ನಿಂಗೆ?"

"ನೀನು ಸುಮ್ನಿರು ಪುಟ್ಟಿ. ಹೊಸಬರು ಬಂದ್ರೆ ಅವರಿಗೆ ಅದೊಂದು ಕ್ಲಿಪ್ಪು ಅಷ್ಟೇ. ಇವರಿಗೆ ಇನ್ನು ಹಗಲು ರಾತ್ರಿ ಅದೇ ಕಣ್ಣ ಮುಂದೆ ಇರುತ್ತೆ. ಇವರು ಮರೆಯಲ್ಲ. ದೂರು ಕೊಡ್ತೀಯಾ, ಕೊಡು, ನಾನು ಬೇಡ ಅನ್ನಲ್ಲ. ಪೈಪು ಮಾತ್ರ ಇವರೇ ಹಿಡೀಲಿ. ಜೊತೆಗೆ ನಾನು ಪಕ್ಕದಲ್ಲಿ ಕೂರ್ತೀನಿ. ಹದಿನೈದು ನಿಮಿಷ ಅಲ್ಲ, ದಿನಾಪೂರ್ತಿ. ಆಗಲ್ಲ ಅಂದ್ರೆ ಹೇಳಿ."

ಡಾಕ್ಟರು ಆಗಬಹುದು ಎಂದರು.

ಮಾರನೆಯ ದಿನ ಬೆಳಿಗ್ಗೆ ಎಂಟರಿಂದ ಅವಳು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಟಾರ್ಚ್ ಸಿಸ್ಟರ್ ಗಂಟೆಗೊಮ್ಮೆ ಬಂದಳು, ಬೆಳಕು ಬಿಟ್ಟಳು, ಕರೆದಳು. ಎಂಟಕ್ಕೆ ಏನೂ ಇಲ್ಲ. ಒಂಬತ್ತಕ್ಕೂ ಇಲ್ಲ. ಹತ್ತಕ್ಕೆ ರೆಪ್ಪೆ ಅದುರಿತು. ಹನ್ನೊಂದಕ್ಕೆ ಮೇಸ್ತ್ರಿ ಕಣ್ಣು ಬಿಟ್ಟು ಎಡಗೈಯಲ್ಲಿ ಸಿಸ್ಟರಿನ ಬೆರಳು ಹಿಡಿದ. ಬಿಡಿ ಎಂದಾಗ ಬಿಟ್ಟ. ಆಮೇಲೆ ಕಣ್ಣು ಹೊರಳಿಸಿ ಹೆಂಡತಿಯನ್ನು ಹುಡುಕಿ, ಅವಳ ಮೇಲೆ ನಿಲ್ಲಿಸಿದ. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಬಲಗೈ ಹಾಗೇ ಬಿದ್ದಿತ್ತು. ಮಟ್ಟದಕ್ಕ ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಬದುಕಿದ್ದಾನೆ, ಗುರುತು ಹಿಡಿಯುತ್ತಾನೆ! ಅತ್ತು ಮುಗಿದ ಮೇಲೆ ಆ ಬಲಗೈಯನ್ನು ನೋಡಿದಳು. ಡಾಕ್ಟರು ಹೇಳಲಾಗದು ಎಂದ ಆ ಒಂದಿಷ್ಟು ಯಾವುದು? ಒಂದು ತುತ್ತು ತಾನೇ ಎತ್ತಿ ತಿನ್ನಬಹುದಾಗಿದ್ದ ಬೆರಳೇ? ಅವಳ ಹೆಸರು ಹಿಡಿದು ಬೈಯಬಹುದಾಗಿದ್ದ ನಾಲಿಗೆಯೇ? ಯಾರಿಗೆ ಗೊತ್ತು.

ಸಿಸ್ಟರ್ ಕಾಗದದ ಮೇಲೆ ಬರೆಯುತ್ತ, ತಲೆ ಎತ್ತದೆ ಕೇಳಿದಳು, "ನಿಮಗೆ ನನ್ನ ಮೇಲೆ ಕೋಪ ಇಲ್ವಾ?"

"ಇದೆ," ಎಂದಳು ಮಟ್ಟದಕ್ಕ. "ಇವರ ಕೈ ನೋಡಿದಾಗೆಲ್ಲ ಬರುತ್ತೆ. ನಾನು ಸಾಯೋವರೆಗೂ ಇರುತ್ತೆ, ಸುಳ್ಳು ಯಾಕೆ ಹೇಳ್ಲಿ."

ಸಿಸ್ಟರಿನ ಪೆನ್ನು ನಿಂತಿತು.

"ಅದು ನನ್ನ ಹತ್ರ ಇರಲಿ ಬಿಡಿ. ಇವರನ್ನ ಮಗ್ಗಲು ತಿರುಗಿಸೋ ಹೊತ್ತಾಯ್ತಲ್ಲ. ಮುಚ್ಚಿ ಕ್ಲಿಪ್ಪನ್ನ. ನಾನು ಕಾಲು ಹಿಡೀತೀನಿ."

ಸಿಸ್ಟರ್ ಮುಚ್ಚಿದಳು. ಇಬ್ಬರೂ ಸೇರಿ ಮೇಸ್ತ್ರಿಯನ್ನು ಎಡಕ್ಕೆ ಹೊರಳಿಸಿದರು, ಬೆನ್ನಿಗೆ ದಿಂಬು ಕೊಟ್ಟರು. ಸಿಸ್ಟರ್ ಡಬ್ಬಿಯ ಮಟ್ಟ ನೋಡಿ ಕ್ಲಿಪ್ಪು ತೆರೆದಳು. ನೀರು ಅಲ್ಲಾಡಿತು. ಆದರೂ ಅವಳು ಅಲ್ಲಿಂದ ಹೋಗಲಿಲ್ಲ, ಇನ್ನೊಂದು ಬದಿಯಲ್ಲಿ ಮಟ್ಟದಕ್ಕನೂ ಕೂರಲಿಲ್ಲ. ಅವನ ಹತ್ತು ಉಸಿರು ಮುಗಿಯುವವರೆಗೆ ಇಬ್ಬರೂ ಹಾಗೇ ನಿಂತು ನೋಡಿದರು.